ಸುಂಕದವನ ಮುಂದೆ

ಫುಜೈರಾದ ಮೀನು ಮಾರ್ಕೆಟ್ಟಿನ ಹಿಂದೆ
ನನ್ನ ಟೈಪಿಂಗ್ ಸೆಂಟರು: ಒಂದು ಎ.ಸಿ., ಎರಡು ಪ್ರಿಂಟರು,
ಅದರಲ್ಲೊಂದು ಕೆಟ್ಟದ್ದು.
ವೀಸಾ ನವೀಕರಣ, ಲೈಸೆನ್ಸು, ಸತ್ತವರನ್ನು ಊರಿಗೆ ಕಳಿಸುವ ಕಾಗದ,
ಎಲ್ಲಕ್ಕೂ ಗೋಡೆಯ ಮೇಲೆ ದರಪಟ್ಟಿ ಇದೆ.
ನಾಗಪ್ಪ ಖಾರ್ವಿ ತಂದದ್ದಕ್ಕೆ ಇರಲಿಲ್ಲ.

ಟಗ್ಗಿನ ಇಂಜಿನ್ ಡ್ರೈವರು, ಗಂಗೊಳ್ಳಿಯವರು.
ಉಗುರಿನ ಸಂದಿಯಲ್ಲಿ ಡೀಸೆಲ್ಲಿನ ಕಪ್ಪು.
ಅಂಗಿ ಜೇಬಿನಿಂದ ತೆಗೆದರು ಒಂದು ಪ್ಲಾಸ್ಟಿಕ್ ಕವರು,
ಅದರೊಳಗೆ ಇನ್ನೊಂದು, ಅದರೊಳಗೆ
ಕಾರ್ಡು.
ನ್ಯೂಜೆರ್ಸಿಯ ಅಕ್ಕ ಅರ್ಜಿ ಹಾಕಿ
ಹದಿಮೂರು ವರ್ಷ ಕಾದದ್ದಂತೆ.
"ಹಸಿರು ಅಂತಾರಲ್ಲ, ಎಲ್ಲಿದೆ?" ಎಂದೆ.
"ಬೆಳಕಿಗೆ ಹಿಡೀರಿ."
ಹಿಡಿದೆ. ಬಾವಿಕಲ್ಲಿನ ಪಾಚಿಯಷ್ಟಿತ್ತು.

ಅಲ್ಲಿ ಇದ್ದದ್ದು ಐದು ತಿಂಗಳು.
ಗೋದಾಮಿನಲ್ಲಿ ರಟ್ಟಿನ ಪೆಟ್ಟಿಗೆ ಮಡಚುತ್ತಿದ್ದಾಗ
ಹಳೆ ಕಂಪನಿ ಫೋನು ಮಾಡಿತು:
ಈ ಇಂಜಿನು ನಿನ್ನ ಮಾತು ಬಿಟ್ಟು ಯಾರದ್ದೂ ಕೇಳುವುದಿಲ್ಲ.
ಒಂದೇ ವರ್ಷಕ್ಕೆಂದು ಬಂದವರಿಗೆ ಇದು ನಾಲ್ಕನೆಯದು.
ನಡುನಡುವೆ ಹೋಗಿ ಅಲ್ಲಿಯ ನೆಲ ಮುಟ್ಟಿ ಬರುತ್ತಾರೆ,
ಕಂಬದಾಟದಲ್ಲಿ ಮಕ್ಕಳು
ಕಂಬ ಮುಟ್ಟಿ ಓಡುವ ಹಾಗೆ.

ಈ ಊರಲ್ಲಿ ಸಂಬಳಕ್ಕೆ ತೆರಿಗೆ ಇಲ್ಲ.
ಜೊತೆಯವರು ನಗುತ್ತಾರೆ,
ಕೇಳುವವರಿಲ್ಲದ ಕಡೆ ಕೂತು ಲೆಕ್ಕ ಒಪ್ಪಿಸುವವನೆಂದು.
ಕಾರ್ಡು ಕೈಯಲ್ಲಿರುವ ತನಕ ಒಪ್ಪಿಸಲೇಬೇಕು,
ಯಾವ ನೀರಲ್ಲಿ ಬೆವರಿದರೂ.

ಗಂಗೊಳ್ಳಿ ಸೊಸೈಟಿಯಲ್ಲಿ ಅಮ್ಮನ ಜೊತೆ ಜಂಟಿ ಖಾತೆ:
ಬರೆದೆ.
ದೋಣಿಯವರ ಚೀಟಿ?
"ಅದು ಖಾತೆಯೋ, ನಂಬಿಕೆಯೋ" ಎಂದರು.
ಅದಕ್ಕೆ ಚೌಕವಿರಲಿಲ್ಲ.

ಆಮೇಲೆ ದಿನಗಳು.
ಮುನ್ನೂರ ಮೂವತ್ತು ದಿನ ಪರದೇಶದಲ್ಲಿದ್ದರೆ
ಈ ಸಂಬಳಕ್ಕೆ ಮಾಫಿ.
ಅಷ್ಟು ದಿನ ಪರದೇಶದಲ್ಲಿದ್ದರೆ
ವಿಮಾನ ನಿಲ್ದಾಣದಲ್ಲಿ ಕೇಳುತ್ತಾರೆ:
ನೀನು ನಿಜಕ್ಕೂ ನಮ್ಮಲ್ಲೇ ವಾಸವೇ?
ಒಂದೇ ಹಗ್ಗ, ಎರಡು ತುದಿಗೂ ಹಡಗು.
"ಹೀಗಾದರೆ ನಾವು ಹಗ್ಗವನ್ನೇ ಕಡೀತೇವೆ" ಎಂದರು ನಾಗಪ್ಪ.

ಲಾಗ್ ಪುಸ್ತಕ ಬಿಡಿಸಿದೆವು.
ಅಕ್ಕನ ಮನೆಗೆ ಹೋದದ್ದು ಇಪ್ಪತ್ತು ದಿನ.
ಲಂಗರಿನಾಚೆ, ಹನ್ನೆರಡು ಮೈಲಿ ದಾಟಿ
ಕೆಟ್ಟ ಹಡಗುಗಳನ್ನು ಎಳೆದು ತಂದದ್ದು ನಲವತ್ತೊಂದು.
ನಿಯಮ ಓದಿ ಹೇಳಿದೆ:
ಆ ನೀರು ಯಾವ ದೇಶದ್ದೂ ಅಲ್ಲ,
ಪರದೇಶವೂ ಅಲ್ಲ. ಲೆಕ್ಕಕ್ಕೆ ಬಾರದು.
ಇಪ್ಪತ್ತಾರು ದಿನ ಕಡಿಮೆ ಬಿತ್ತು.

ತುಂಬ ಹೊತ್ತು ಸುಮ್ಮನಿದ್ದರು.
ಎಡಗೈ ಮುಂದೆ ಚಾಚಿ, ಸೊಟ್ಟಗೆ ಕೂಡಿದ ಮೂಳೆ ತೋರಿಸಿ,
"ಹಗ್ಗ ಬಡಿದು ಇದು ಮುರಿದದ್ದು ಅಲ್ಲೇ.
ಹಾಗಾದರೆ ಎಲ್ಲಿ ಮುರೀತು?"

ಸುಂಕದವನ ಮುಂದೆ ಸುಖದುಃಖ ಹೇಳಿದ ಹಾಗಾಯ್ತು,
ಎಂದು ತಾವೇ ನಕ್ಕರು.
ಅವರಿಗೇನು ಗೊತ್ತು, ನನ್ನ ಮನೆತನ ಶಾಬಂದ್ರಿ.
ಯಾವ ಕಾಲದಲ್ಲೋ ಬಂದರಿನ ಸುಂಕ ಎತ್ತಿದವರಂತೆ ನಮ್ಮವರು,
ದಾದಿಯ ಮಾತು ನಂಬುವುದಾದರೆ.
ಮೆಣಸು ಎಣಿಸಿದರು, ಕುದುರೆ ಎಣಿಸಿದರು.
ಮನುಷ್ಯನ ದಿನ ಎಣಿಸಿದ್ದು
ನಾನೇ ಮೊದಲಿರಬೇಕು.

ಕಾರ್ಡು ವಾಪಸು ಮಾಡುವ ಫಾರಮ್ಮೂ ಒಂದಿದೆ,
ಒಂದೆರಡೇ ಪುಟ, ಸ್ವಂತ ಇಚ್ಛೆಯಿಂದ ಎಂದು ಸಹಿ.
"ಎರಡನ್ನೂ ಕೊಡಿ" ಎಂದರು.
ಎರಡನ್ನೂ ಮಡಚಿ
ಅದೇ ಕವರಿನೊಳಗೆ, ಕಾರ್ಡಿನ ಎರಡು ಮಗ್ಗುಲಿಗೆ ಇಟ್ಟರು.

ದರ ಕೇಳಿದರು. ಪ್ರಿಂಟಿಗೆ ಎರಡು ದಿರ್ಹಮ್ ಎಂದೆ.
ಹತ್ತರ ನೋಟು; ಚಿಲ್ಲರೆ ಇರಲಿಲ್ಲ, ಟಗ್ಗು ಕಾಯುತ್ತಿತ್ತು.
ಎಂಟು ದಿರ್ಹಮ್ ಇನ್ನೂ ನನ್ನ ಡ್ರಾಯರಿನಲ್ಲಿದೆ,
ಖಾರ್ವಿ ಎಂದು ಬರೆದ ಚೀಟಿಯೊಳಗೆ.
ಪರದೇಶದ ಖಾತೆಗಳ ಪಟ್ಟಿಯಲ್ಲಿ
ಅದನ್ನು ನಾನು ತೋರಿಸಿಲ್ಲ.