ಒತ್ತಕ್ಷರ

ಪೀಣ್ಯದ ಗಾರ್ಮೆಂಟ್ಸಿನಲ್ಲಿ ನನ್ನ ಕೆಲಸ ಚೆಕ್ಕಿಂಗು.
ಟ್ಯೂಬ್‌ಲೈಟಿನಡಿ ಶರ್ಟನ್ನು ಒಳಮಗುಚಿ
ಬಿಟ್ಟ ಹೊಲಿಗೆ, ಎದ್ದ ದಾರ ಹುಡುಕುವುದು.
ಗಂಟೆಗೆ ಎಂಬತ್ತು.

ಇವತ್ತು ಅರ್ಧ ದಿನದ ಸಂಬಳ ಬಿಟ್ಟು
ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ, ಚೀಟಿ ನಲವತ್ತೇಳು.
ಪಕ್ಕದಲ್ಲಿ ಟ್ಯಾನರಿ ರೋಡಿನ ನೂರ್‌ಅಫ್ಜಾ:
"ನೋವೇ ಇಲ್ಲ ಅಂದ್ಮೇಲೆ ಯಾಕಮ್ಮ ತೋರಿಸ್ಬೇಕು?"
ನಾನೂ ಅದನ್ನೇ ಕೇಳಿದ್ದೆ.
ಬಿಳಿ ಹೋಗುತ್ತದೆಂದು ಮಾತ್ರೆಗೆ ಬಂದವಳು.

"ಗರ್ಭಕೋಶದ ಬಾಯಿ ನೋಡ್ತಾರೆ, ಅಷ್ಟೇ," ಅಂದರು ಸಿಸ್ಟರು.
ಅದಕ್ಕೂ ಒಂದು ಬಾಯಿ ಇದೆಯೆಂದು
ಎರಡು ಹೆತ್ತವಳಿಗೆ ಗೊತ್ತೇ ಇರಲಿಲ್ಲ.
ಅತ್ತೆ ನನ್ನನ್ನು ಕರೆಯುತ್ತಿದ್ದುದೇ
ಬಾಯಿಸತ್ತವಳು ಅಂತ.

ಹಸಿರು ಪರದೆ. ಮಂಡಿ ಮಡಿಸಿ ಮಲಗಿದೆ.
ತಣ್ಣನೆಯ ಉಕ್ಕು. ದೀಪ.
ಮೂರು ಮಕ್ಕಳಾಗಲಿಲ್ಲವಲ್ಲ ಎಂದು ಯಾರೋ ಅಂದದ್ದು
ಯಾಕೋ ನೆನಪಾಯಿತು.
ಫ್ಯಾನಿನ ರೆಕ್ಕೆಯ ಧೂಳು ನೋಡುವಷ್ಟರಲ್ಲಿ
"ಆಯ್ತು, ಎದ್ದೇಳಿ."

ಗಾಜಿನ ಪಟ್ಟಿಯ ಅಂಚಿಗೆ ಪೆನ್ಸಿಲಿನಲ್ಲಿ
ಗಂಗರತ ಎಂದು ಬರೆದಿದ್ದರು.
"ನ ಒತ್ತು ಬಿಟ್ಟಿದೀರ," ಅಂದೆ,
ನನಗೇ ಕೇಳಿಸುವಷ್ಟು ಜೋರಾಗಿ.
ರಿಪೋರ್ಟು ಹದಿನೈದು ದಿನಕ್ಕೆ.

ಹೊರಗೆ ನೂರ್‌ಅಫ್ಜಾ ಚೀಟಿ ಮಡಿಚಿ
ಹೊರಡಲು ಎದ್ದಿದ್ದಳು.
ಕೈ ಹಿಡಿದು ಕೂರಿಸಿದೆ:
"ಪ್ಯಾಕ್ ಆಗೋಕೆ ಮುಂಚೇನೇ
ನೋಡೋದು ಕಣಮ್ಮ, ನಮ್ಮಲ್ಲಿ."