ಮಂಗಳವಾರದ ಕೆಲಸ

ಮಂಗಳವಾರ ನಮ್ಮ ಅಂಗಡಿಗಳಿಗೆ ರಜೆ.
ಅದಕ್ಕೇ ಅವರು ಮಂಗಳವಾರ ಕರೆಯುತ್ತಿದ್ದರು.

ಮಾಜಾಳಿ ಚೆಕ್‌ಪೋಸ್ಟಿಗೆ ಅರ್ಧ ಮೈಲಿ ಇರುವಾಗ
ಹಳೇ ಬರ್ಫಿನ ಕಾರ್ಖಾನೆ. ಮೀನಿಗೆಂದು ಎಬ್ಬಿಸಿದ ದಪ್ಪ ಗೋಡೆ,
ತಂಪು ಹೊರಗೆ ಹೋಗಬಾರದೆಂದು.
ಕೂಗೂ ಹೋಗುತ್ತಿರಲಿಲ್ಲ.
ಬೋರ್ಡಿನಲ್ಲಿ ಸೂರ್ಯ, ಒಂದು ಪಾರಿವಾಳ,
‘ಸನ್ಮತಿ ಯುವ ಪುನಶ್ಚೇತನ ಧಾಮ’.
ಗಡಿ ದಾಟಿದರೆ ಬಾಟಲಿ ಅರ್ಧ ಬೆಲೆ,
ಗಿರಾಕಿ ಎರಡೂ ಕಡೆಗೆ ಸಾಕಷ್ಟು.

ತಲೆಗೆ ಹದಿನೈದು ರೂಪಾಯಿ.
ಮೂವತ್ತೆಂಟು ತಲೆ.
ಸೊನ್ನೆ ನಂಬರಿನ ಮಶೀನು, ನಾನೇ ತಂದ ಡೆಟಾಲು.
‘ಪುಂಡಲೀಕ, ಹುಡುಗರನ್ನ ಮಾತಾಡಿಸಬೇಡ,
ನಶೆ ಬಿಟ್ಟವರಿಗೆ ಭ್ರಮೆ ಜಾಸ್ತಿ’
ಎಂದಿದ್ದರು ಮ್ಯಾನೇಜರು. ನಾನು ಮಾತಾಡಿಸಲಿಲ್ಲ.

ಮುಖ ನೆನಪಿಲ್ಲ ನನಗೆ, ಸತ್ಯ.
ತಗ್ಗಿಸಿ ಕೂತವರ ಮುಖ ಯಾರಿಗೆ ಕಾಣುತ್ತದೆ?
ನೆತ್ತಿ ತೋರಿಸಿ, ಗುರುತು ಹಿಡಿಯುತ್ತೇನೆ:
ಎರಡು ಸುಳಿಯವನು, ಭಟ್ಕಳದ ಕಡೆಯವನು.
ಹಿಂದಲೆ ಚಪ್ಪಟೆ ಇದ್ದವನು, ತೊಟ್ಟಿಲಲ್ಲಿ ಬಹಳ ಹೊತ್ತು ಬಿಟ್ಟ ಮಗು.
ಕಿವಿ ಹಿಂದೆ ಮಚ್ಚೆ ಇದ್ದವನು, ಮಶೀನು ಗುಂಯ್ ಎಂದರೆ
ತನ್ನ ಮೊಣಕಾಲು ತಾನೇ ಗಟ್ಟಿ ಹಿಡಿಯುತ್ತಿದ್ದ.
ಹೋದ ವಾರ ಇಲ್ಲದ ಗಾಯ ಈ ವಾರ ಇದ್ದರೆ
ಮಶೀನು ಅದನ್ನು ಬಳಸಿ ಹೋಗುತ್ತಿತ್ತು,
ಬಂಡೆ ಕಂಡ ದೋಣಿಯ ಹಾಗೆ.
ಅಷ್ಟೇ ನಾನು ಮಾಡಿದ ದಯೆ.

ಬೀಗ ಬಿದ್ದದ್ದೂ ಒಂದು ಮಂಗಳವಾರವೇ.
ಪೆಟ್ಟಿಗೆ ಹಿಡಿದು ಹೋದರೆ ಗೇಟಿನಲ್ಲಿ ಜೀಪು,
ತಹಶೀಲ್ದಾರರು, ಅರಗು, ಬಿಳಿ ಬಟ್ಟೆಯ ಪಟ್ಟಿ.
ಹುಡುಗರು ಬಸ್ಸು ಹತ್ತುತ್ತಿದ್ದರು ಬರಿಗಾಲಲ್ಲಿ,
ಬಿಸಿಲಿಗೆ ಕಣ್ಣು ಬಿಡಲಾರದೆ.
ಟಿವಿಯವರು ‘ಹೇಗನಿಸ್ತಿದೆ?’ ಎಂದರು.
ಒಬ್ಬ ‘ಊಟ ಆಗಿಲ್ಲ’ ಎಂದ.

ಹರಿಕಾಂತರ ತುಳಸಿಬಾಯಿ ಗೇಟಿಗೆ ಹಣೆ ಚಚ್ಚಿಕೊಂಡಳು:
‘ಮುಚ್ಚಬೇಡಿ ಸಾಹೇಬ್ರೆ,
ಬಲೆ ಮಾರಿದ, ದೋಣಿಯ ಇಂಜಿನು ಮಾರಿದ,
ಮಲಗಿದ್ದಾಗ ನನ್ನ ಕಿವಿಯದ್ದು ಬಿಚ್ಚಿದ.
ಇನ್ನೆಲ್ಲಿ ಕಟ್ಟಿಹಾಕಲಿ ಇವನನ್ನ?’
ಬಸ್ಸಿನ ಕಿಟಕಿಯಿಂದ ಇವನು ನೋಡುತ್ತಿದ್ದ.
ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ಪಂಚನಾಮೆಗೆ ನಾನೂ ಒಬ್ಬ ಪಂಚ.
‘ಏನೇನು ಕಂಡೆ?’
‘ತಲೆ, ಸಾಹೇಬ್ರೆ.’
ಎರಡು ವಾರದ ಬಾಕಿ ಸಾವಿರದ ನೂರಾ ನಲವತ್ತು,
ಅದನ್ನು ಮಾತ್ರ ಬರೆಸಿದೆ. ಸಹಿ ಹಾಕಿದೆ.

ಮೂರು ತಿಂಗಳ ಮೇಲೆ ಒಬ್ಬ ಅಂಗಡಿಗೆ ಬಂದ.
ಬೆರಳುದ್ದ ಕೂದಲು. ಬಟ್ಟೆ ಹೊದಿಸಲು ಹೋದೆ,
ಮಣಿಕಟ್ಟು ಹಿಡಿದ. ‘ಕತ್ತರಿಸೋದು ಬೇಡ.
ಕನ್ನಡಿ ಮುಂದೆ ಸ್ವಲ್ಪ ಕೂತ್ಕೊಳ್ತೇನೆ.’
ಅಲ್ಲಿ ಕನ್ನಡಿ ಇರಲಿಲ್ಲ. ನನಗೆ ಆಗ ಹೊಳೆಯಿತು.

ಕೂತ. ಫ್ಯಾನು ತಿರುಗಿತು.
ಬೆಂಚಿನವರು ಪೇಪರಿನ ಪುಟ ತಿರುವಲಿಲ್ಲ.
ಆಮೇಲೆ ತಾನೇ ಕೂದಲು ಸರಿಸಿ ಕೇಳಿದ:
‘ಇಲ್ಲೊಂದು ಏಟು ಬಿದ್ದಿತ್ತಾ,
ಅಲ್ಲ ನಂಗೇ ಹಾಗೆ ಅನಿಸಿದ್ದಾ?’

ಬಾಗಿದೆ. ಎಡಗಿವಿಯ ಹಿಂದೆ ಮಚ್ಚೆ.
ಅದರ ಮೇಲೆ ಅಕ್ಕಿಕಾಳಿನಷ್ಟು ಜಾಗ,
ಕೂದಲು ಹುಟ್ಟಿಲ್ಲ.

‘ಬಿದ್ದಿತ್ತು’ ಎಂದೆ.
‘ದೀಪಾವಳಿ ಆದ ಮಂಗಳವಾರ. ಇನ್ನೂ ಹಸಿ ಇತ್ತು.
ಮತ್ತೊಂದಿದೆ, ಹಿಂದೆ, ಸುಳಿಯ ಹತ್ತಿರ.
ಅದು ನಿನಗೆ ಕಾಣೋದಿಲ್ಲ, ತಡಿ’ ಎಂದು
ಕೈಗನ್ನಡಿ ತೆಗೆದು
ಹಿಂದೆ ಹಿಡಿದೆ.