ಮೂರನೆಯ ಪ್ರಶ್ನೆಗೆ ಉತ್ತರ

ಪರೀಕ್ಷೆಗೆ ಇಪ್ಪತ್ತೆರಡು ನಿಮಿಷ ತಡವಾಗಿ ಬಂದೆ.
ಕಾರಣ ಬರೆಯಲು ಉತ್ತರಪತ್ರಿಕೆಯಲ್ಲಿ ಜಾಗವಿಲ್ಲ,
ಅದಕ್ಕೇ ಇಲ್ಲಿ, ಮೂರನೆಯ ಪ್ರಶ್ನೆಯ ಕೆಳಗೆ
ಬರೆಯುತ್ತಿದ್ದೇನೆ, ಡಾಕ್ಟರ್ ಅಂಪೋಫೋ.
ಇದು ಉತ್ತರವೂ ಹೌದು.

ನೀವು ಕೇಳಿದ್ದು: ಐವರು ತತ್ವಜ್ಞಾನಿಗಳು, ದುಂಡು ಮೇಜು,
ಇಬ್ಬಿಬ್ಬರ ನಡುವೆ ಒಂದೊಂದು ಮುಳ್ಳುಚಮಚ.
ಉಣ್ಣಲು ಎರಡು ಬೇಕು.
ಎಲ್ಲರೂ ಒಮ್ಮೆಗೇ ಎಡಗಡೆಯದನ್ನು ಎತ್ತಿಕೊಂಡರೆ
ಎಲ್ಲರೂ ಉಪವಾಸ. ಸರಿ.

ನಮ್ಮ ಮನೆಯಲ್ಲಿ ಒಂದೇ ಬೋಗುಣಿ,
ಫುಫು, ಶೇಂಗಾ ಸಾರು, ಐದು ಬಲಗೈ.
ತೊಳೆದ ಕೈಯವರು ಯಾರೂ ಈವರೆಗೆ
ಹಸಿದು ಸತ್ತದ್ದಿಲ್ಲ.
ತರಗತಿಯಲ್ಲಿ ಇದನ್ನಂದಾಗ ನೀವು ನಕ್ಕಿರಿ:
"ದುಫಿಯೆ, ಮಾಂಸದ ತುಂಡು ಒಂದೇ ಇದ್ದರೆ?"
ಅಂದು ಹೊಳೆಯಲಿಲ್ಲ. ಅದು ಅಜ್ಜಿಯದು.
ನಿಮ್ಮ ಪುಸ್ತಕ ಅದಕ್ಕೆ ಆದ್ಯತೆ ಎನ್ನುತ್ತದೆ,
ಎಂಟು ಪುಟ ತೆಗೆದುಕೊಳ್ಳುತ್ತದೆ.

ಇಂದು ಬೆಳಗ್ಗೆ ಕುಮಾಸಿಯಲ್ಲಿ ಮತ್ತೆ ದುಮ್ಸೋರ್.
ಆರು, ಹತ್ತು; ಆರು, ಹತ್ತು;
ಸೊನ್ನೆ ಒಂದು ಎಂದು ಮೊದಲ ವರ್ಷ ಕಲಿತದ್ದು
ನಮ್ಮ ಬಲ್ಬುಗಳಿಗೆ ಮೊದಲೇ ಗೊತ್ತಿತ್ತು.
ಸಿಗ್ನಲ್ ಸತ್ತ ಚೌಕದಲ್ಲಿ
ನಾಲ್ಕು ದಿಕ್ಕಿನಿಂದ ನಾಲ್ಕು ಟ್ರೋಟ್ರೋ
ಮೂತಿ ತೂರಿಸಿ ನಿಂತವು.
ಒಂದು ಜಾಗದಲ್ಲಿ ಒಂದೇ ಗಾಡಿ ಹಿಡಿಸೀತು.
ಪ್ರತಿಯೊಬ್ಬನಿಗೂ ಮುಂದಿನವನ ಜಾಗ ಬೇಕು,
ತಾನು ನಿಂತದ್ದನ್ನು ಬಿಡಲಾರ,
ಬಿಡಿಸಲು ಪೊಲೀಸನಿಲ್ಲ,
ಸಾಲು ಸುತ್ತಿ ಬಂದು ತನ್ನ ಬಾಲವನ್ನೇ ಕಚ್ಚಿತ್ತು.
ನಾಲ್ಕೂ ಷರತ್ತು! ನಿನ್ನೆ ರಾತ್ರಿ
ಮೇಣದಬತ್ತಿಯಲ್ಲಿ ಉರುಹೊಡೆದದ್ದು
ಕಿಟಕಿಯಾಚೆ ಹಾರ್ನ್ ಹೊಡೆಯುತ್ತಿತ್ತು.
ಎದುರಿನ ಗಾಡಿಯ ಹಣೆಯ ಮೇಲೆ ಹಳದಿ ಅಕ್ಷರ:
ಅವಸರವೇಕೆ.

ಆಗ ಬಂದಳು ಬ್ರೆಡ್ಡು ಮಾರುವ ಹೆಂಗಸು,
ತಲೆಯ ಮೇಲೆ ಗಾಜಿನ ಪೆಟ್ಟಿಗೆ, ಬೆನ್ನಿಗೆ ಕಟ್ಟಿದ ಕೂಸು.
ತಪ್ಪು ಯಾರದೆಂದು ಕೇಳಲಿಲ್ಲ.
ನಾಲ್ವರಲ್ಲಿ ಎಳೆಯ ಡ್ರೈವರನ ಬಾನೆಟ್ಟಿನ ಮೇಲೆ
ಅಂಗೈಯಿಟ್ಟು ಅಂದಳು: "ಮಗನೇ, ಹಿಂದೆ."
ಆತ ಬೈದ, ಬೈಯುತ್ತಲೇ ರಿವರ್ಸ್ ಹಾಕಿದ.
ಹನ್ನೆರಡು ಅಡಿ. ಅಷ್ಟು ಸಾಕಾಯಿತು.
ಗಂಟು ಸಡಿಲಿತು, ಮೂರೂ ಗಾಡಿ ಹೊರಟವು,
ಅವುಗಳ ಹಿಂದಿನವೂ, ಅವುಗಳ ಹಿಂದಿನವೂ.
ಹಿಂದೆ ಸರಿದವನಿಗೆ ದಾರಿ ಸಿಕ್ಕಿದ್ದು
ಎಲ್ಲರಿಗಿಂತ ಕೊನೆಗೆ.
ಪುಸ್ತಕದ ಚಿತ್ರದಲ್ಲಿ ಇದು ಬರುವುದಿಲ್ಲ.
ನಾನಿದ್ದದ್ದು ಅವನ ಗಾಡಿಯಲ್ಲಿ.

ಮುಂದಿನದು ಅಂಕಕ್ಕಲ್ಲ.
ಎರಡು ಸಾಲು ಮುಂದೆ ನ್ಯಾರ್ಕೋ ಕೂತಿದ್ದಾನೆ,
ಪೆನ್ನಿನ ಮುಚ್ಚಳ ಕಚ್ಚುತ್ತ.
ಪ್ರಾಜೆಕ್ಟಿನ ಜಗಳವಾಗಿ ಎಂಟು ವಾರ.
ಅವನ ಹಾರ್ಡ್‌ಡಿಸ್ಕು ನನ್ನ ಬಳಿ,
ನನ್ನ ನೋಟುಪುಸ್ತಕ ಅವನ ಬಳಿ;
ಅವನು ಕೊಟ್ಟರೆ ಕೊಡುವೆನೆಂದು ನಾನು,
ನಾನು ಕೊಟ್ಟರೆ ಎಂದು ಅವನು.
ಕೋಡಿನ ಅರ್ಧ ಅಲ್ಲಿ, ಅರ್ಧ ಇಲ್ಲಿ,
ಎರಡೂ ಓಡುವುದಿಲ್ಲ.
ನೀವು ಇದನ್ನು ಡೆಡ್‌ಲಾಕ್ ಎಂದು ಕಲಿಸಿದಿರಿ,
ಅಜ್ಜಿ ಬಿಗುಮಾನ ಎನ್ನುತ್ತಾಳೆ.
ಅವಳು ಕೋಪ ಬಂದಾಗ ಚಿಕ್ಕಪ್ಪನ ಜೊತೆ
ಮೂರು ವರ್ಷ ಮಾತಾಡಿರಲಿಲ್ಲ, ಅದು ಬೇರೆ.

ಒಪ್ಪುತ್ತೇನೆ, ಈ ಉತ್ತರದಲ್ಲಿ ಸಾಬೀತು ಇಲ್ಲ.
ಪ್ರತಿ ಚೌಕದಲ್ಲೂ ಬ್ರೆಡ್ಡಿನ ಹೆಂಗಸು ಸಿಗುತ್ತಾಳೆಂದು
ಯಾವ ಪ್ರಮೇಯವೂ ಹೇಳದು.
ಎಷ್ಟು ಬೇಕೋ ಅಷ್ಟು ಅಂಕ ಕಡಿಯಿರಿ.

ಗಂಟೆಗೆ ಇನ್ನು ಆರು ನಿಮಿಷ,
ನಾಲ್ಕನೆಯ ಪ್ರಶ್ನೆ ಮುಟ್ಟಿಲ್ಲ.
ಹಾರ್ಡ್‌ಡಿಸ್ಕು ನನ್ನ ಚೀಲದಲ್ಲಿದೆ,
ಚೀಲ ಬಾಗಿಲಾಚೆ, ಎಲ್ಲರ ಚೀಲಗಳ ರಾಶಿಯಲ್ಲಿ.
ಅವನದು ಯಾವುದೆಂದು ಗೊತ್ತು:
ಹಸಿರು, ಜಿಪ್ಪು ಕೆಟ್ಟದ್ದು.